ಬೀದಿದೀಪದ ಅಧಿಕಾರಿಗಳಿಗೆ ಬಹಿರಂಗ ಪತ್ರ: ದೀಪ ಇರಲಿ, ಅದರ ಮುಖ ಮಾತ್ರ ಕೆಳಗಿರಲಿ

ಗೆ,
ಬೀದಿದೀಪ ವಿಭಾಗದ ಮುಖ್ಯ ಅಧಿಕಾರಿಗಳು
ಹಾಗೂ ಜಾಹೀರಾತು ಫಲಕಗಳಿಗೆ ಅನುಮತಿ ಕೊಡುವ ಅಧಿಕಾರಿಗಳು

ವಿಷಯ: ರಸ್ತೆಗೆ ಬೀಳದೆ ಆಕಾಶಕ್ಕೆ ಹೋಗುತ್ತಿರುವ ಬೆಳಕು

ಮಾನ್ಯರೇ,

ನಾನು ನಿಮ್ಮ ಕಚೇರಿಗೆ ಈಗಾಗಲೇ ಮೂರು ಅರ್ಜಿ ಕೊಟ್ಟವನು. ಮೊದಲ ಅರ್ಜಿಯಲ್ಲಿ ‘ಮನೆ ಹಿಂದಿನ ಬೀದಿದೀಪದಿಂದ ತೊಂದರೆಯಾಗುತ್ತಿದೆ’ ಎಂದು ಬರೆದಿದ್ದೆ. ಹತ್ತು ದಿನ ಬಿಟ್ಟು ಏಣಿ ಹೊತ್ತುಕೊಂಡು ಇಬ್ಬರು ಬಂದರು. ಇದ್ದ ದೀಪ ಬಿಚ್ಚಿದರು. ಅದಕ್ಕಿಂತ ಪ್ರಖರವಾದ ಇನ್ನೊಂದನ್ನು ಹಾಕಿ ಹೋದರು. ಸಂಜೆ ಫೋನಿಗೆ ಸಂದೇಶ ಬಂತು: ‘ನಿಮ್ಮ ದೂರು ಪರಿಹಾರವಾಗಿದೆ.’

ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ದೀಪದ ಬಗ್ಗೆ ದೂರು ಅಂದರೆ ‘ಉರಿಯುತ್ತಿಲ್ಲ’ ಅಂತಲೇ ಇರುತ್ತದೆ. ‘ಜಾಸ್ತಿ ಉರಿಯುತ್ತಿದೆ’ ಅಂತ ಬರೆಯುವ ಮನುಷ್ಯನೂ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ? ಎರಡನೆಯ ಮತ್ತು ಮೂರನೆಯ ಅರ್ಜಿಯಲ್ಲಿ ಬಿಡಿಸಿ ಬರೆದೆ. ಉತ್ತರ ಬರಲಿಲ್ಲ. ಅದಕ್ಕೇ ನಾಲ್ಕನೆಯದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ತಾರಸಿಯ ಮೇಲೆ ಸಣ್ಣ ಟೆಲಿಸ್ಕೋಪ್ ಇಟ್ಟುಕೊಂಡು ದೂರದ ಗೆಲಾಕ್ಸಿಗಳ, ಅಂದರೆ ಕೋಟಿಗಟ್ಟಲೆ ನಕ್ಷತ್ರಗಳ ಗುಂಪುಗಳ, ಫೋಟೋ ತೆಗೆಯುತ್ತೇನೆ. ಸಂಬಳಕ್ಕಲ್ಲ, ಸುಮ್ನೆ ಆಸೆಗೆ. ಟೆಲಿಸ್ಕೋಪಿನ ಮುಂದಿನ ಗಾಜು 80 ಮಿಲಿಮೀಟರ್, ಅಂದರೆ ಅಂಗೈ ಅಗಲ. ಕೆಳಗೆ ಒಂದು ಮೌಂಟ್ ಇದೆ. ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ಅದು ಎದುರು ದಿಕ್ಕಿನಲ್ಲಿ ತಿರುಗುತ್ತದೆ. ಹಿಂದೆ ಕ್ಯಾಮೆರಾ. ಪಕ್ಕಕ್ಕೆ ಇನ್ನೊಂದು ಪುಟ್ಟ ಕ್ಯಾಮೆರಾ. ಅದು ರಾತ್ರಿಯಿಡೀ ಒಂದೇ ನಕ್ಷತ್ರವನ್ನು ನೋಡುತ್ತಾ, ಮೌಂಟ್ ಕೂದಲೆಳೆಯಷ್ಟು ಜಾರಿದರೂ ಸರಿಪಡಿಸುತ್ತದೆ. ಇದನ್ನು ಗೈಡಿಂಗ್ ಅನ್ನುತ್ತೇವೆ. ಇವೆಲ್ಲ ಕೆಲಸ ಮಾಡುವಾಗ ನಾನು ಹೆಚ್ಚಾಗಿ ಕುರ್ಚಿಯಲ್ಲಿ ತೂಕಡಿಸುತ್ತಿರುತ್ತೇನೆ, ಸುಳ್ಳು ಯಾಕೆ ಹೇಳಲಿ.

ಸಪ್ತರ್ಷಿ ಮಂಡಲ ನಿಮಗೆ ಗೊತ್ತಲ್ವಾ? ಅದರ ಬಾಲದ ತುದಿಯಲ್ಲಿ ವಸಿಷ್ಠ ಮತ್ತು ಮರೀಚಿ ನಕ್ಷತ್ರಗಳಿವೆ. ಆ ಎರಡರ ಜೊತೆ ತ್ರಿಕೋನವಾಗುವ ಜಾಗದಲ್ಲಿ ಎಂ 101 ಅನ್ನುವ ಗೆಲಾಕ್ಸಿ ಇದೆ. ಇಂಗ್ಲಿಷಿನವರು ಪಿನ್‌ವೀಲ್ ಅನ್ನುತ್ತಾರೆ. ನಾನು ಗಿರಗಿಟ್ಲೆ ಅನ್ನುತ್ತೇನೆ, ನೋಡಲು ಹಾಗೇ ಇದೆ. ದೂರ ಸುಮಾರು 2.1 ಕೋಟಿ ಜ್ಯೋತಿರ್ವರ್ಷ. ಆಕಾಶದಲ್ಲಿ ಹೆಚ್ಚೂಕಡಿಮೆ ಹುಣ್ಣಿಮೆ ಚಂದ್ರನಷ್ಟು ಅಗಲ. ಆ ಅಗಲವೇ ನಮ್ಮ ತಲೆನೋವು. ಇರುವ ಚೂರು ಬೆಳಕು ಅಷ್ಟು ಜಾಗಕ್ಕೆ ತೆಳ್ಳಗೆ ಹರಡಿಹೋಗಿದೆ.

60 ಸೆಕೆಂಡಿನ ಒಂದು ಫೋಟೋ ತೆಗೆದು ನೋಡಿದರೆ ಬೂದು ಬಣ್ಣದ ಹಾಳೆ, ನಡುವೆ ಒದ್ದೆ ಬಟ್ಟೆಯಲ್ಲಿ ಒರೆಸಿದ ಹಾಗೆ ಒಂದು ಕಲೆ. ಅಷ್ಟೆ. ಹಾಗಾಗಿ ಅಂಥವನ್ನು ನೂರಾರು ತೆಗೆದು ಒಂದರ ಮೇಲೊಂದು ಜೋಡಿಸುತ್ತೇವೆ. ಸಿರಿಲ್ ಅನ್ನುವ ಉಚಿತ ತಂತ್ರಾಂಶ ಸಾಕು. ಗೆಲಾಕ್ಸಿ ಎಲ್ಲ ಫೋಟೋದಲ್ಲೂ ಅದೇ ಜಾಗದಲ್ಲಿರುತ್ತದೆ. ಮಂದ ಬೆಳಕಿನ ಫೋಟೋದಲ್ಲಿ ಸುಮ್ಮನೆ ಮೂಡುವ ಗುಜುಗುಜು ಚುಕ್ಕಿಗಳು ಒಂದೊಂದರಲ್ಲಿ ಒಂದೊಂದು ಕಡೆ. ಸರಾಸರಿ ತೆಗೆದಾಗ ಚುಕ್ಕಿಗಳು ಕರಗುತ್ತವೆ, ಗೆಲಾಕ್ಸಿ ಉಳಿಯುತ್ತದೆ. ಆದರೆ ಇದರ ಲೆಕ್ಕ ಬಹಳ ಕಠಿಣ. ಫೋಟೋ ಎರಡು ಪಟ್ಟು ಸ್ವಚ್ಛವಾಗಬೇಕಾದರೆ ನಾಲ್ಕು ಪಟ್ಟು ಹೊತ್ತು ಬೇಕು. ಮೂರು ಪಟ್ಟಿಗೆ ಒಂಬತ್ತು.

2022ರಲ್ಲಿ ನಾನು ಎಂ 101ರ 600 ಫೋಟೋ ತೆಗೆದೆ. ಒಟ್ಟು 10 ಗಂಟೆ. ಅದಕ್ಕೆ ಏಳು ರಾತ್ರಿ ಹಿಡಿಯಿತು. ಮೋಡ, ಚಂದ್ರ, ಗಾಳಿ, ಮರುದಿನದ ಕೆಲಸ ಎಲ್ಲ ನೋಡಿಕೊಂಡು ಕೂರಬೇಕು. ಕೊನೆಗೆ ಗೆಲಾಕ್ಸಿಯ ಸುರುಳಿ ತೋಳುಗಳು ಕಂಡವು. ತೋಳಿನ ಮೇಲೆ ಹೊಸ ನಕ್ಷತ್ರಗಳು ಹುಟ್ಟುವ ಗುಲಾಬಿ ಗಂಟುಗಳೂ ಕಂಡವು. ಮನೆಯವರನ್ನೆಲ್ಲ ಎಬ್ಬಿಸಿ ತೋರಿಸಿದೆ. ಯಾರೂ ಅಷ್ಟೊಂದು ಖುಷಿಪಡಲಿಲ್ಲ. ಅದು ಬೇರೆ ಮಾತು.

ಮರುವರ್ಷದ ಆರಂಭದಲ್ಲಿ ನಮ್ಮ ಬಡಾವಣೆಯ ಹಳದಿ ಸೋಡಿಯಂ ದೀಪಗಳನ್ನೆಲ್ಲ ತೆಗೆದು ಬಿಳಿ ಎಲ್‌ಇಡಿ ಹಾಕಿದಿರಿ. ಕರೆಂಟು ಉಳಿಯುತ್ತದೆ, ಒಳ್ಳೆಯದೇ. ಆದರೆ ಹೊಸ ದೀಪಗಳನ್ನು ಓರೆಯಾಗಿ, ಮೂತಿ ಮೇಲೆತ್ತಿ ಕೂರಿಸಿದ್ದಾರೆ. ನಮ್ಮ ಹಿಂದಿನ ಕಂಬದ್ದು ರಸ್ತೆಯನ್ನು ಬಿಟ್ಟು ಸೀದಾ ನನ್ನ ತಾರಸಿಯನ್ನೇ ನೋಡುತ್ತದೆ. ಅದೇ ಸಮಯಕ್ಕೆ ಮುಖ್ಯರಸ್ತೆಯಲ್ಲಿ ದೊಡ್ಡ ಹೋರ್ಡಿಂಗ್ ಬಂತು. ಕೆಳಗಿಂದ ನಾಲ್ಕು ಫ್ಲಡ್‌ಲೈಟ್ ಹಾಕಿದ್ದಾರೆ. ಫಲಕಕ್ಕೆ ಬಿದ್ದಷ್ಟು ಬಿತ್ತು, ಮಿಕ್ಕಿದ್ದೆಲ್ಲ ಮೇಲಕ್ಕೆ.

ಇದರಿಂದ ಏನಾಯಿತು ಅನ್ನುವುದನ್ನು ಅಂಕಿಯಲ್ಲಿ ಹೇಳುತ್ತೇನೆ. ಬೇಜಾರಾಗಬೇಡಿ, ನನ್ನ ಇಡೀ ದೂರು ಇದರಲ್ಲೇ ಇದೆ. ಆಕಾಶ ಎಷ್ಟು ಕತ್ತಲಾಗಿದೆ ಅಂತ ಅಳೆಯುವ ಕೈಹಿಡಿತದ ಮೀಟರ್ ಇದೆ. ಊರಾಚೆ ಚೆನ್ನಾಗಿ ಕತ್ತಲಿರುವ ಕಡೆ ಅದು 22ರ ಹತ್ತಿರ ತೋರಿಸುತ್ತದೆ, ದೊಡ್ಡ ನಗರದ ನಡುವೆ 18ರ ಹತ್ತಿರ. ಈ ಮಾಪನ ಉಲ್ಟಾ. ಅಂಕಿ ಇಳಿದಷ್ಟೂ ಬೆಳಕು ಜಾಸ್ತಿ. 22ಕ್ಕೂ 18ಕ್ಕೂ ನಾಲ್ಕೇ ಅಂಕಿ ಅಂತರ ಅನ್ನಿಸಬಹುದು, ಆದರೆ ಅಷ್ಟಕ್ಕೇ ಆಕಾಶ 40 ಪಟ್ಟು ಬೆಳ್ಳಗಾಗಿರುತ್ತದೆ. ನನ್ನ ತಾರಸಿಯಲ್ಲಿ ಮೊದಲು 19.5 ಇತ್ತು. ದೀಪ ಬದಲಾದ ಮೇಲೆ 18.7 ಆಯಿತು. ಅಂದರೆ ನನ್ನ ತಲೆಯ ಮೇಲಿನ ಆಕಾಶದ ಬೆಳಕು ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿಯಾಯಿತು.

ಗಿರಗಿಟ್ಲೆಯ ಹೊರ ತೋಳು ಇದೇ ಮಾಪನದಲ್ಲಿ ಸುಮಾರು 24. ಮೊದಲು ಆ ತೋಳಿನ 1 ಬೆಳಕಿನ ಕಣ ಕ್ಯಾಮೆರಾಕ್ಕೆ ಬರುವಷ್ಟರಲ್ಲಿ ಆಕಾಶದ 63 ಕಣ ಬರುತ್ತಿದ್ದವು. ಈಗ 130. ಸಂತೆಯಲ್ಲಿ ಒಬ್ಬರ ಪಿಸುಮಾತು ಕೇಳಿಸಿಕೊಳ್ಳಲು ಹೋದರೆ ಹೇಗೋ ಹಾಗೆ. ಗದ್ದಲ ಎರಡರಷ್ಟಾದರೆ ಅದೇ ಫೋಟೋಗೆ ಕೂರುವ ಹೊತ್ತೂ ಸುಮಾರು ಎರಡರಷ್ಟಾಗಬೇಕು. 10 ಗಂಟೆಯ ಕೆಲಸ 20 ದಾಟುತ್ತದೆ, ಏಳು ರಾತ್ರಿ ಹದಿನಾಲ್ಕಾಗುತ್ತದೆ. ಚಂದ್ರನಿಲ್ಲದ, ಮೋಡವಿಲ್ಲದ ಹದಿನಾಲ್ಕು ರಾತ್ರಿ ಒಂದು ಋತುವಿನಲ್ಲಿ ಸಿಕ್ಕರೆ ಅದೃಷ್ಟ.

ನಾನೂ ಸುಮ್ಮನೆ ಕೂತವನಲ್ಲ. ಟೆಲಿಸ್ಕೋಪಿನ ಮೂತಿಗೆ ಕಪ್ಪು ಕಾಗದದ ಕೊಳವೆ ಸುತ್ತಿದೆ. ತಾರಸಿಯ ಅಂಚಿಗೆ ಕೊಳವೆಗಳ ಚೌಕಟ್ಟು ಕಟ್ಟಿ ಕಪ್ಪು ಬಟ್ಟೆ ಹೊದಿಸಿದೆ. ಮೂರನೇ ರಾತ್ರಿ ಗಾಳಿಗೆ ಅದು ಟೆಲಿಸ್ಕೋಪಿನ ಮೇಲೇ ಬಿತ್ತು. ಮೌಂಟಿನ ಒಂದು ಹಲ್ಲುಚಕ್ರಕ್ಕೆ ಏಟಾಯಿತು. ಬಟ್ಟೆ ನಿಂತಿದ್ದ ಎರಡು ರಾತ್ರಿಯೂ ಫೋಟೋದ ಒಂದು ಮೂಲೆ ಬೆಳ್ಳಗೇ ಇತ್ತು. ಯಾಕೆಂದರೆ ಕಂಬದ ಬೆಳಕನ್ನು ಮರೆ ಮಾಡಬಹುದು, ಆದರೆ ಆಕಾಶದಲ್ಲಿ ಚದುರಿ ವಾಪಸ್ ಬರುವ ಬೆಳಕಿಗೆ ಯಾವ ಬಟ್ಟೆ ಹೊದಿಸುವುದು?

‘ಫಿಲ್ಟರ್ ಹಾಕಿಕೊಳ್ಳಿ’ ಅಂತ ನಿಮ್ಮ ಕಚೇರಿಯಲ್ಲಿ ಒಬ್ಬರು ಹೇಳಿದರು. ತಿಳಿದವರೇ ಇರಬೇಕು, ಖುಷಿಯಾಯಿತು. ಆದರೆ ಇಲ್ಲೊಂದು ಕಷ್ಟವಿದೆ. ನಮ್ಮದೇ ಗೆಲಾಕ್ಸಿಯಾದ ಹಾಲುಹಾದಿಯೊಳಗಿನ ಅನಿಲದ ಮೋಡಗಳು ಕೆಲವೇ ಬಣ್ಣಗಳಲ್ಲಿ ಹೊಳೆಯುತ್ತವೆ. ಆ ಬಣ್ಣ ಮಾತ್ರ ಬಿಟ್ಟುಕೊಳ್ಳುವ ಫಿಲ್ಟರ್ ಹಾಕಿದರೆ ನಗರದ ನಡುವಿನಿಂದಲೂ ಅವುಗಳ ಒಳ್ಳೆಯ ಫೋಟೋ ಬರುತ್ತದೆ. ಗೆಲಾಕ್ಸಿ ಹಾಗಲ್ಲ. ಅದರ ಬೆಳಕು ಕೋಟ್ಯಂತರ ನಕ್ಷತ್ರಗಳ ಬೆಳಕು, ಎಲ್ಲ ಬಣ್ಣಗಳೂ ಇರುತ್ತವೆ. ನಿಮ್ಮ ಬಿಳಿ ಎಲ್‌ಇಡಿಯಲ್ಲೂ ಎಲ್ಲ ಬಣ್ಣಗಳಿವೆ. ಒಂದನ್ನು ತಡೆದರೆ ಇನ್ನೊಂದೂ ಹೋಗುತ್ತದೆ. ಹಳೆಯ ಸೋಡಿಯಂ ದೀಪದ ಬೆಳಕು ಬಹುಪಾಲು ಹಳದಿ ಭಾಗದಲ್ಲೇ ಇರುತ್ತಿತ್ತು, ಅದನ್ನು ಸ್ವಲ್ಪವಾದರೂ ಸೋಸಬಹುದಿತ್ತು. ಜೊತೆಗೆ ಬಿಳಿ ಎಲ್‌ಇಡಿಯಲ್ಲಿ ನೀಲಿ ಪಾಲು ಜಾಸ್ತಿ. ಹಗಲಿನ ಆಕಾಶ ನೀಲಿ ಯಾಕೆ ಅಂತ ಶಾಲೆಯಲ್ಲಿ ಓದಿದ್ದೀವಲ್ಲ, ಅದೇ ಕಾರಣಕ್ಕೆ ರಾತ್ರಿ ಈ ನೀಲಿ ಬೆಳಕೂ ಹಳದಿಗಿಂತ ಹೆಚ್ಚು ಚದುರುತ್ತದೆ.

‘ಊರಾಚೆ ಹೋಗಿ ತೆಗೆಯಿರಿ’ ಅನ್ನುವವರೂ ಇದ್ದಾರೆ. ಹೋಗುತ್ತೇನೆ, ವರ್ಷಕ್ಕೆ ಎರಡು ಮೂರು ಸಲ. ಆದರೆ ಮಂಕಾದ ಗೆಲಾಕ್ಸಿ ಒಂದು ರಾತ್ರಿಗೆ ಮುಗಿಯುವುದಿಲ್ಲ. ವಾರಗಟ್ಟಲೆ, ಸಿಕ್ಕ ಸಿಕ್ಕ ರಾತ್ರಿ ಎರಡೆರಡು ಗಂಟೆ ಕೂಡಿಡಬೇಕು. ಅದು ಮನೆಯಿಂದ ಮಾತ್ರ ಆಗುವ ಕೆಲಸ.

ಹಾಗೆ ಮನೆಯಲ್ಲಿ ಕೂತವರಿಂದ ಏನು ಉಪಯೋಗ ಅಂತ ಕೇಳಬಹುದು. 2016ರ ಸೆಪ್ಟೆಂಬರ್‌ನಲ್ಲಿ ಅರ್ಜೆಂಟೀನಾದ ರೊಸಾರಿಯೊ ನಗರದ ವಿಕ್ಟರ್ ಬೂಸೊ ತಮ್ಮ ಮನೆಯ ಮಾಳಿಗೆಯಿಂದ ಹೊಸ ಕ್ಯಾಮೆರಾ ಪರೀಕ್ಷೆ ಮಾಡುತ್ತಿದ್ದರು. ಬೀಗದ ಕೆಲಸ ಮಾಡುವವರು ಅವರು. ಟೆಲಿಸ್ಕೋಪನ್ನು ಎನ್‌ಜಿಸಿ 613 ಅನ್ನುವ ಗೆಲಾಕ್ಸಿಗೆ ತಿರುಗಿಸಿದ್ದರು. ಫೋಟೋ ಮೇಲೆ ಫೋಟೋ ತೆಗೆಯುತ್ತಿದ್ದಾಗಲೇ ಅಲ್ಲಿ ಇಲ್ಲದಿದ್ದ ಒಂದು ಚುಕ್ಕಿ ಮೂಡಿತು, ಬೆಳಗತೊಡಗಿತು. ಒಂದು ನಕ್ಷತ್ರ ಸಿಡಿಯಲು ಶುರುವಾದ ಗಳಿಗೆಯೇ ಅವರ ಕ್ಯಾಮೆರಾದಲ್ಲಿ ಸಿಕ್ಕಿಬಿಟ್ಟಿತ್ತು. ದೊಡ್ಡ ವೀಕ್ಷಣಾಲಯಗಳು ಎಷ್ಟೋ ವರ್ಷ ಕಾದರೂ ಸಿಗುವ ಖಾತ್ರಿ ಇಲ್ಲದ ಗಳಿಗೆ ಅದು. 2018ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದರ ಪ್ರಬಂಧ ಬಂತು. ಅವರದು ನನ್ನದಕ್ಕಿಂತ ದೊಡ್ಡ ಟೆಲಿಸ್ಕೋಪ್, 40 ಸೆಂಟಿಮೀಟರ್‌ನದು. ಆದರೂ ಮನೆಯ ಮೇಲಿನದೇ.

ನನ್ನ ಗಿರಗಿಟ್ಲೆಗೂ ಒಂದು ಕಥೆ ಇದೆ. ಅದನ್ನು ಬರೆಯುವಾಗ ಈಗಲೂ ಹೊಟ್ಟೆ ಉರಿಯುತ್ತದೆ. 2023ರ ಮೇ 19ರಂದು ಜಪಾನಿನ ಹವ್ಯಾಸಿ ಕೊಯಿಚಿ ಇಟಗಾಕಿ ಎಂ 101ರ ತೋಳಿನಲ್ಲಿ ಹೊಸ ಸೂಪರ್‌ನೋವಾ, ಅಂದರೆ ಸಿಡಿಯುತ್ತಿರುವ ನಕ್ಷತ್ರ, ಕಂಡುಹಿಡಿದರು. ಎಷ್ಟೋ ವರ್ಷಗಳಲ್ಲಿ ಅಷ್ಟು ಹತ್ತಿರ ಸಿಡಿದದ್ದು ಅಪರೂಪ. ಸುದ್ದಿ ಬಂದ ತಕ್ಷಣ ಲೋಕದ ಹವ್ಯಾಸಿಗಳೆಲ್ಲ ತಮ್ಮ ಹಿಂದಿನ ರಾತ್ರಿಗಳ ಫೋಟೋ ತೆರೆದು ನೋಡಿದರು. ಕೆಲವರ ಫೋಟೋದಲ್ಲಿ ಆ ಚುಕ್ಕಿ ಆಗಲೇ ಇತ್ತು, ಕೆಲವರದ್ದರಲ್ಲಿ ಇನ್ನೂ ಇರಲಿಲ್ಲ. ನಕ್ಷತ್ರ ಯಾವ ಹೊತ್ತಿಗೆ ಸಿಡಿಯಿತು ಅನ್ನುವುದನ್ನು ವಿಜ್ಞಾನಿಗಳು ಕೆಲವೇ ಗಂಟೆಗಳ ಒಳಗೆ ಗುರುತಿಸಲು ಅವು ನೆರವಾದವು. ನಾನೂ ನನ್ನ ಫೋಲ್ಡರ್ ತೆರೆದೆ. ಆ ವಾರದ್ದು ಏನೂ ಇರಲಿಲ್ಲ. ಹಿಂದಿನ ವರ್ಷ ಅದೇ ತಿಂಗಳು ಆ ಗೆಲಾಕ್ಸಿಯ ಮುಂದೆ ರಾತ್ರಿಗಟ್ಟಲೆ ಕೂತಿದ್ದವನು, ಆ ವರ್ಷ ಬೆಳ್ಳಗಾದ ಆಕಾಶಕ್ಕೆ ಬೇಸತ್ತು ಟೆಲಿಸ್ಕೋಪ್ ಪೆಟ್ಟಿಗೆಗೆ ಹಾಕಿ ಅಟ್ಟಕ್ಕೆ ಏರಿಸಿದ್ದೆ.

ನಗರ ಸ್ವಲ್ಪ ಮಬ್ಬಾದರೆ ಏನೇನು ಕಾಣುತ್ತದೆ ಅನ್ನುವುದಕ್ಕೆ ಹಳೆಯ ಸಾಕ್ಷಿಯೊಂದಿದೆ. ಲಾಸ್ ಏಂಜಲೀಸ್ ನಗರದ ಪಕ್ಕ ಮೌಂಟ್ ವಿಲ್ಸನ್ ಬೆಟ್ಟದ ಮೇಲೆ 100 ಇಂಚಿನ ಟೆಲಿಸ್ಕೋಪ್ ಇದೆ. 1923ರಲ್ಲಿ ಖಗೋಳ ವಿಜ್ಞಾನಿ ಎಡ್ವಿನ್ ಹಬಲ್ ಅದರಲ್ಲೇ ಆಂಡ್ರೊಮಿಡಾ ಅನ್ನುವ ಮಬ್ಬು ಕಲೆಯೊಳಗಿನ ಒಂದು ನಕ್ಷತ್ರವನ್ನು ಗುರುತಿಸಿ, ಆಂಡ್ರೊಮಿಡಾ ನಮ್ಮ ಹಾಲುಹಾದಿಯ ಆಚೆಗಿನ ಬೇರೆ ಗೆಲಾಕ್ಸಿ ಎಂದು ತೋರಿಸಿದ್ದು. ಆದರೆ ಅದರ ನಡುಭಾಗದ ನಕ್ಷತ್ರಗಳು ಯಾರಿಗೂ ಬಿಡಿಬಿಡಿಯಾಗಿ ಕಂಡಿರಲಿಲ್ಲ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಶತ್ರುಗಳ ಭಯಕ್ಕೆ ನಗರದ ದೀಪಗಳನ್ನು ತಗ್ಗಿಸಿದರು. ಅಲ್ಲಿನ ಖಗೋಳ ವಿಜ್ಞಾನಿ ವಾಲ್ಟರ್ ಬಾಡೆ ಜರ್ಮನಿಯವರು. ಅದರಿಂದಾಗಿ ಅವರನ್ನು ಯುದ್ಧದ ಕೆಲಸಕ್ಕೆ ಸೇರಿಸಿಕೊಳ್ಳಲಿಲ್ಲ. ಅವರು ಆ ಕತ್ತಲಲ್ಲಿ ಟೆಲಿಸ್ಕೋಪಿನ ಮುಂದೆ ಕೂತರು. ಆಂಡ್ರೊಮಿಡಾದ ನಡುಭಾಗದ ನಕ್ಷತ್ರಗಳು ಮೊದಲ ಸಲ ಬಿಡಿಬಿಡಿಯಾಗಿ ಬಂದವು. ನಕ್ಷತ್ರಗಳಲ್ಲಿ ಎರಡು ಬಗೆ, ಎರಡು ತಲೆಮಾರು ಇವೆ ಎಂದು 1944ರಲ್ಲಿ ಅವರು ಬರೆದದ್ದು ಆ ಫೋಟೋಗಳಿಂದ. ಗೆಲಾಕ್ಸಿ, ಟೆಲಿಸ್ಕೋಪ್ ಎರಡೂ ಮೊದಲಿನವೇ. ಕೆಳಗಿನ ಊರಿನ ಬೆಳಕು ಮಾತ್ರ ತಗ್ಗಿತ್ತು.

ಅಂಥ ಕತ್ತಲು ಮಾಡಿ ಅಂತ ನಾನು ಕೇಳುತ್ತಿಲ್ಲ. ರಾತ್ರಿ ಪಾಳಿ ಮುಗಿಸಿ ಬರುವವರಿಗೆ, ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ರಸ್ತೆಯಲ್ಲಿ ಬೆಳಕು ಬೇಕೇ ಬೇಕು. ಆದರೆ ಈಗಿನ ದೀಪ ಅವರಿಗಾದರೂ ಸರಿಯಾಗಿ ಸಿಗುತ್ತಿದೆಯಾ? ಒಂದು ರಾತ್ರಿ ನಮ್ಮ ಹಿಂದಿನ ರಸ್ತೆಯಲ್ಲಿ ನಡೆದು ನೋಡಿ. ದೀಪ ಕಣ್ಣಿಗೆ ಚುಚ್ಚುತ್ತದೆ. ಕಂಬದ ಆಚೆ, ಮರದ ನೆರಳಿನಲ್ಲಿ ಯಾರು ನಿಂತಿದ್ದಾರೆ ಅನ್ನುವುದೇ ಕಾಣುವುದಿಲ್ಲ. ಕಳ್ಳತನದ ಮಾತೂ ಬಂತು ನಿಮ್ಮ ಕಚೇರಿಯಲ್ಲಿ. ಇಂಗ್ಲೆಂಡ್ ಮತ್ತು ವೇಲ್ಸ್‌ನ 62 ಸ್ಥಳೀಯ ಆಡಳಿತಗಳ ಅಂಕಿಅಂಶ ನೋಡಿದ ಅಧ್ಯಯನವೊಂದು 2015ರಲ್ಲಿ ಬಂದಿದೆ. ಬೀದಿದೀಪ ತಗ್ಗಿಸಿದ ಅಥವಾ ಸ್ವಲ್ಪ ಹೊತ್ತು ಆರಿಸಿದ ಕಡೆ ಅಪರಾಧವಾಗಲಿ ಅಪಘಾತವಾಗಲಿ ಹೆಚ್ಚಾಯಿತು ಅನ್ನುವುದಕ್ಕೆ ಅದರಲ್ಲಿ ಪುರಾವೆ ಸಿಗಲಿಲ್ಲ. ಎಲ್ಲ ಊರಿಗೂ ಇದೇ ಸರಿ ಅಂತ ನಾನು ವಾದಿಸುವುದಿಲ್ಲ. ನಾನು ಆರಿಸಿ ಅನ್ನುತ್ತಲೂ ಇಲ್ಲ. ಆಕಾಶಕ್ಕೆ ಹೋಗುವ ಬೆಳಕಿನಿಂದ ಯಾವ ಕಳ್ಳನೂ ಸಿಕ್ಕಿಬೀಳುವುದಿಲ್ಲ, ಇಷ್ಟೇ ನನ್ನ ಮಾತು.

ಎಲ್ಲ ತಪ್ಪನ್ನೂ ಬೀದಿದೀಪದ ಮೇಲೆ ಹಾಕಿದರೆ ಅನ್ಯಾಯವಾಗುತ್ತದೆ. 2019ರಲ್ಲಿ ಅಮೆರಿಕದ ಟೂಸಾನ್ ನಗರದವರು ಕೆಲವು ರಾತ್ರಿ ತಮ್ಮ ಬೀದಿದೀಪಗಳನ್ನು ಬೇಕೆಂದೇ ಏರಿಸಿ ಇಳಿಸಿ ನೋಡಿದರು. ಮೇಲಿಂದ ಉಪಗ್ರಹ ಅಳೆಯಿತು. ನಗರದಿಂದ ಮೇಲಕ್ಕೆ ಹೋಗುವ ಬೆಳಕಿನಲ್ಲಿ ಬೀದಿದೀಪಗಳದು ಐದನೇ ಒಂದು ಪಾಲಿಗಿಂತ ಕಡಿಮೆ ಅಂತ ಗೊತ್ತಾಯಿತು. ಉಳಿದದ್ದು ಅಂಗಡಿ, ಮೈದಾನ, ವಾಹನ ನಿಲ್ಲಿಸುವ ಜಾಗ, ಜಾಹೀರಾತು ಮತ್ತು ನಮ್ಮ ನಿಮ್ಮ ಮನೆಗಳದ್ದು. ಅದಕ್ಕೇ ಈ ಪತ್ರದಲ್ಲಿ ಹೋರ್ಡಿಂಗ್ ಅನುಮತಿ ಕೊಡುವವರನ್ನೂ ಸೇರಿಸಿದ್ದೇನೆ. ನಮ್ಮ ಮನೆಯ ಗೇಟಿನ ಬಲ್ಬಿಗೂ ಮೇಲೊಂದು ತಗಡಿನ ಟೋಪಿ ಹಾಕಿದ್ದೇನೆ, ಬಂದಾಗ ನೋಡಬಹುದು.

ಇದು ತಾನಾಗಿ ಸರಿಹೋಗುವುದಿಲ್ಲ. 2011ರಿಂದ 2022ರವರೆಗೆ ಜನಸಾಮಾನ್ಯರು ಬರಿಗಣ್ಣಿಗೆ ಕಾಣುವ ನಕ್ಷತ್ರಗಳನ್ನು ಗಮನಿಸಿ ಕಳಿಸಿದ 50 ಸಾವಿರಕ್ಕೂ ಹೆಚ್ಚು ವರದಿಗಳನ್ನು ವಿಜ್ಞಾನಿಗಳು ಸೇರಿಸಿ ನೋಡಿದ್ದಾರೆ. ಆಕಾಶದ ಬೆಳಕು ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಏರುತ್ತಿದೆಯಂತೆ. ಈ ಲೆಕ್ಕದಲ್ಲಿ, ಮಗು ಹುಟ್ಟಿದಾಗ 250 ನಕ್ಷತ್ರ ಕಾಣುವ ಜಾಗದಲ್ಲಿ ಅದಕ್ಕೆ 18 ತುಂಬುವಾಗ 100 ಉಳಿದಿರುತ್ತವೆ. ಬರಿಗಣ್ಣಿನ ನಕ್ಷತ್ರಗಳ ಪಾಡೇ ಹೀಗಾದರೆ ನನ್ನ ಗಿರಗಿಟ್ಲೆಯ ತೋಳನ್ನು ಕೇಳುವವರು ಯಾರು?

ಮನಸ್ಸು ಮಾಡಿದ ಊರುಗಳೂ ಇವೆ. ಅಮೆರಿಕದ ಫ್ಲ್ಯಾಗ್‌ಸ್ಟಾಫ್ 1958ರಲ್ಲೇ ಜಾಹೀರಾತಿನ ಸರ್ಚ್‌ಲೈಟುಗಳನ್ನು ನಿಷೇಧಿಸಿತು. 2001ರಲ್ಲಿ ಅದು ಲೋಕದ ಮೊದಲ ಅಂತರರಾಷ್ಟ್ರೀಯ ಕತ್ತಲೆ ಆಕಾಶದ ನಗರ ಅನ್ನಿಸಿಕೊಂಡಿತು. ಅಲ್ಲೂ ಜನ ರಾತ್ರಿ ಓಡಾಡುತ್ತಾರೆ, ಅಂಗಡಿಗಳಿವೆ, ಬೀದಿದೀಪಗಳಿವೆ. ಫ್ರಾನ್ಸ್ 2018ರ ಕೊನೆಯಲ್ಲಿ ಇಡೀ ದೇಶಕ್ಕೆ ನಿಯಮ ತಂದು, ಹೊರಗಿನ ದೀಪಗಳ ಬಣ್ಣಕ್ಕೆ 3000 ಕೆಲ್ವಿನ್ ಮಿತಿ ಹಾಕಿತು. ಸರಳವಾಗಿ ಹೇಳುವುದಾದರೆ ಬೆಚ್ಚನೆಯ ಹಳದಿ ಬಿಳಿ, ಅದಕ್ಕಿಂತ ನೀಲಿ ಬೇಡ.

ನಾನು ಕೇಳುವುದು ಇಷ್ಟು. ಹೊಸ ಕಂಬ ಬೇಡ, ಹೊಸ ಖರೀದಿಯೂ ಸದ್ಯಕ್ಕೆ ಬೇಡ. ಮೊದಲು ಓರೆಯಾಗಿರುವ ದೀಪಗಳನ್ನು ನೆಲಕ್ಕೆ ಸಮವಾಗಿ ಕೂರಿಸಿ, ಬೆಳಕೆಲ್ಲ ಕೆಳಕ್ಕೆ ಬೀಳುವ ಹಾಗೆ. ನೆಟ್ಟಗೆ ಮೇಲೆ ಹೋಗುವ ಬೆಳಕಿಗಿಂತ ದಿಗಂತದ ಸ್ವಲ್ಪ ಮೇಲೆ ಅಡ್ಡಡ್ಡ ಹೋಗುವ ಬೆಳಕೇ ಗಾಳಿಯಲ್ಲಿ ಬಹುದೂರ ಸಾಗಿ ಜಾಸ್ತಿ ಹಾಳು ಮಾಡುತ್ತದೆ. ಒಂದು ಸ್ಪ್ಯಾನರ್‌ನಿಂದ ಆಗುವ ಕೆಲಸ ಇದು. ಕೆಟ್ಟ ದೀಪ ಬದಲಿಸುವಾಗಲೆಲ್ಲ 3000 ಕೆಲ್ವಿನ್ ಅಥವಾ ಅದಕ್ಕಿಂತ ಹಳದಿಯಾದದ್ದನ್ನೇ ಹಾಕಿ. ಎಲ್‌ಇಡಿಯನ್ನು ತಗ್ಗಿಸುವುದು ಸುಲಭ, ಅದರ ದೊಡ್ಡ ಗುಣವೇ ಅದು. ಮಧ್ಯರಾತ್ರಿ ದಾಟಿದ ಮೇಲೆ ಒಳರಸ್ತೆಗಳಲ್ಲಿ ಅರ್ಧಕ್ಕೆ ಇಳಿಸಿ ನೋಡಿ. ಜನ ಬೇಡ ಅಂದರೆ ವಾಪಸ್ ಏರಿಸಿ. ಹೋರ್ಡಿಂಗ್‌ಗಳ ಅನುಮತಿಯಲ್ಲಿ, ದೀಪ ಮೇಲಿಂದ ಕೆಳಕ್ಕೆ ಬೀಳಬೇಕು, ರಾತ್ರಿ 11ಕ್ಕೆ ಆರಬೇಕು ಅಂತ ಒಂದು ಸಾಲು ಸೇರಿಸಿ. ರಾತ್ರಿ ಎರಡು ಗಂಟೆಗೆ ಆ ಜಾಹೀರಾತನ್ನು ನೋಡುವವನು ನಾನೊಬ್ಬನೇ. ಅದರಲ್ಲಿರುವ ಸೋಫಾ ನನಗೆ ಬೇಡ.

ಇನ್ನೊಂದು ಸಣ್ಣ ಕೋರಿಕೆ. ದೂರಿನ ಅರ್ಜಿಯಲ್ಲಿ ಈಗ ‘ದೀಪ ಉರಿಯುತ್ತಿಲ್ಲ’, ‘ದೀಪ ಮಿಣುಕುತ್ತಿದೆ’, ‘ಕಂಬ ವಾಲಿದೆ’ ಅಂತ ಮೂರು ಆಯ್ಕೆ ಇವೆ. ನಾಲ್ಕನೆಯದಾಗಿ ‘ಬೆಳಕು ರಸ್ತೆ ಬಿಟ್ಟು ಬೇರೆ ಕಡೆ ಬೀಳುತ್ತಿದೆ’ ಅಂತ ಸೇರಿಸಿ. ಮಲಗುವ ಕೋಣೆಗೆ ಬೆಳಕು ನುಗ್ಗಿ ನಿದ್ದೆ ಬಾರದವರು ನಮ್ಮ ಬೀದಿಯಲ್ಲೇ ಮೂರು ಮನೆಯವರಿದ್ದಾರೆ. ಅವರಿಗೆ ಗೆಲಾಕ್ಸಿ ಬೇಕಿಲ್ಲ, ಪರದೆ ದಪ್ಪ ಮಾಡಿಕೊಂಡು ಸುಮ್ಮನಿದ್ದಾರೆ.

ಟೆಲಿಸ್ಕೋಪನ್ನು ಅಟ್ಟದಿಂದ ಇಳಿಸಿದ್ದೇನೆ. ಹಲ್ಲುಚಕ್ರ ಬದಲಿಸಿದ್ದೇನೆ. ಮುಂದಿನ ಅಮಾವಾಸ್ಯೆಯ ಹಿಂದೆ ಮುಂದಿನ ಯಾವ ರಾತ್ರಿಯಾದರೂ ಸರಿ, ನಿಮ್ಮವರು ಯಾರಾದರೂ ಬಂದರೆ ತಾರಸಿಯ ಮೇಲೆ ಇನ್ನೊಂದು ಕುರ್ಚಿ ಹಾಕುತ್ತೇನೆ. 2022ರ ಫೋಟೋ ಮತ್ತು ಈಗಿನ ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತೇನೆ. ಬರುವವರು ಸ್ಪ್ಯಾನರ್ ತಂದರೆ ಒಳ್ಳೆಯದು. ಕಂಬದ ನಂಬರ್ ನನ್ನ ಮೂರೂ ಅರ್ಜಿಗಳಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಕಂಬದ ಎದುರಿನ ತಾರಸಿಯವನು